ಅಗ್ಗದ ಸೀಡಿ, ಏಳು ಪೆಟ್ಟು

ಮೊನ್ನೆ ಭಾನುವಾರ ನಮ್ಮ ರೇಣುಕಾಳನ್ನು ಬ್ಯಾಂಡಿಗೆ ಸೇರಿಸಿಕೊಂಡರು. ನಾನು ಅಲ್ಲೇ ಇದ್ದೆ. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಕಿವಿಯಲ್ಲಿ ಹತ್ತಿ ಇತ್ತು, ಆದರೂ ಕೇಳಿದೆ.

ಸುದ್ದಿಯನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಳಿದದ್ದನ್ನು ಹೇಳುವ ಶಕ್ತಿ ನನಗಿಲ್ಲ. ರೇಣುಕಾ ನನ್ನ ಮಗ ಮಲ್ಲಿಕಾರ್ಜುನನ ಮಗಳು. ಹದಿನೇಳು ವರ್ಷ. ಡ್ರಮ್ ಬಾರಿಸುತ್ತಾಳೆ. ಅಂದರೆ ಇಷ್ಟು ದಿನ ಮನೆಯ ಬುಟ್ಟಿ, ಬಕೆಟ್ಟು, ಅಕ್ಕಿ ಡಬ್ಬಿ ಬಾರಿಸುತ್ತಿದ್ದಳು, ಮೊನ್ನೆಯಿಂದ ಡ್ರಮ್.

ಪುಣೆಯ ನಿಗಡಿಯಲ್ಲಿ ನಮ್ಮ ಚಾಳಿನಲ್ಲಿ ಹದಿನಾಲ್ಕು ಮನೆ. ಹದಿನಾಲ್ಕಕ್ಕೂ ಪೇಢೆ ಕೊಟ್ಟು ಬಂದೆ. ಹಾಲಿನವನಿಗೆ ಕೊಟ್ಟೆ, ಗ್ಯಾಸಿನವನಿಗೆ ಕೊಟ್ಟೆ, ದಾರಿ ಕೇಳಲು ನಿಂತ ಯಾರೋ ಒಬ್ಬರಿಗೆ ಕೊಟ್ಟು ದಾರಿ ಹೇಳುವುದನ್ನು ಮರೆತೆ. ಪಕ್ಕದ ಮನೆಯ ಮರಾಠಿ ಬಾಯಿ ಪೇಢೆ ಬಾಯಿಗೆ ಹಾಕಿಕೊಂಡು, "ಲಗ್ನಾಚ್ಯಾ ಬ್ಯಾಂಡಾತ್ ಕಾ?" ಎಂದು ಕೇಳಿದಳು. ಮದುವೆಯ ಬ್ಯಾಂಡಿನವರ ಕೆಂಪು ಕೋಟನ್ನು ಅವರೇ ಕೊಡುತ್ತಾರೋ ನಾವೇ ಹೊಲಿಸಬೇಕೋ ಎಂಬುದು ಅವಳ ಮುಂದಿನ ಪ್ರಶ್ನೆ. ಇದು ಲಗ್ನದ್ದಲ್ಲ ಬಾಯಿ, ಇವರ ಹಾಡಿಗೆ ಯಾರಿಗೂ ಕುಣಿಯಲಿಕ್ಕೆ ಬರುವುದಿಲ್ಲ ಎಂದೆ. "ಮಗ್ ಕಶಾಲಾ?" ಎಂದಳು. ಹಾಗಾದರೆ ಯಾತಕ್ಕೆ ಎಂದು. ಇನ್ನೊಂದು ಪೇಢೆ ಕೊಟ್ಟೆ.

ಇದಕ್ಕೆಲ್ಲ ಮೂಲ ಒಂದು ಸೀಡಿ ಡಬ್ಬಿ. ರಟ್ಟಿನದು, ಒಳಗೆ ಎರಡು ಸೀಡಿ. ರೇಣುಕಾ ಆರನೆಯ ಇಯತ್ತೆಯಲ್ಲಿ ಇದ್ದಾಗ ನಮ್ಮ ಮನೆಯವರು, ಅಂದರೆ ಅವಳ ಮುತ್ಯಾ, ಹಳೇ ಸಾಮಾನಿನ ಬಾಜಾರಿನಿಂದ ತಂದದ್ದು. ಅವರು ಜನ್ಮವೆಲ್ಲ ಗೌಂಡಿ ಕೆಲಸ ಮಾಡಿದವರು. ಅವತ್ತು ಗಾರೆ ಹಚ್ಚುವ ಕರಣೆ ಕೊಳ್ಳಲು ಹೋಗಿದ್ದರು. ಓದು ಬರಹ ಅವರಿಗಿಲ್ಲ. ನನಗೆ ಕನ್ನಡ ಮೂರನೆಯ ಇಯತ್ತೆ ಆಗಿರುವುದರಿಂದ ಮನೆಯಲ್ಲಿ ಓದುವ ಕೆಲಸ ನನ್ನದು. ಆದರೆ ಅವತ್ತು ನಾನು ಜೊತೆಗಿರಲಿಲ್ಲ. ಇದ್ದಿದ್ದರೂ ಡಬ್ಬಿಯ ಮೇಲಿನ ಇಂಗ್ಲಿಷಿಗೆ ನಾವಿಬ್ಬರೂ ಸಮಾನರೇ.

ಡಬ್ಬಿಯ ಮೇಲೆ ಐದು ಜನ ಗಂಡಸರ ಚಿತ್ರ. ಉದ್ದ ಕೂದಲು, ಎದೆ ಮುಟ್ಟುವ ಗಡ್ಡ, ಚಾಪೆಯ ಮೇಲೆ ಕೂತಿದ್ದಾರೆ. ಒಬ್ಬರ ಕೈಯಲ್ಲಿ ಕೊಳಲು. ಯಾರೂ ನಗುತ್ತಿಲ್ಲ.

"ಭಜನಿ ಮ್ಯಾಳ ಅದ," ಎಂದರು ಮನೆಯವರು. "ಪರದೇಶದ್ದು ಇರಬೇಕು. ಮಾರಿ ಮ್ಯಾಲಿನ ವೈರಾಗ್ಯ ನೋಡು."

ನೋಡಿದೆ. ವೈರಾಗ್ಯ ಇತ್ತು.

ಸೀಡಿ ಹಾಕುವ ಬಾಯಿ ಇದ್ದದ್ದು ನನ್ನ ಮಗ ಮಲ್ಲುವಿನ ವ್ಯಾನಿನಲ್ಲಿ ಮಾತ್ರ. ಅವನು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾನೆ. ಸಂಜೆ ಚಾಳಿನ ಮುಂದೆ ನಿಂತ ವ್ಯಾನಿನಲ್ಲಿ ಮನೆ ಮಂದಿಯೆಲ್ಲ ಹತ್ತಿ ಕೂತೆವು. ಭಜನೆಯಾದ್ದರಿಂದ ಮನೆಯವರು ಚಪ್ಪಲಿ ಕೆಳಗೆ ಬಿಟ್ಟು ಹತ್ತಿದರು. ಅವರನ್ನು ನೋಡಿ ನಾವೂ ಬಿಟ್ಟೆವು. ಮಲ್ಲು ಸೀಡಿ ಹಾಕಿದ.

ಮೊದಲು ಗಾಳಿ ಬೀಸಿದ ಸದ್ದು. ಆಮೇಲೆ ಹಾರ್ಮೋನಿಯಂ ಥರದ್ದು, ಆದರೆ ಗುಡುಗಿನ ಗಂಟಲು. ಆಮೇಲೆ ಕೊಳಲು. ನಾಲ್ಕು ನಿಮಿಷ ಆಯಿತು, ಹಾಡು ಬರಲಿಲ್ಲ.

"ಶ್ರುತಿ ಮಾಡ್ಕೊಳ್ಳಾಕತ್ತಾರ," ಎಂದರು ಮನೆಯವರು.

ಏಳು ನಿಮಿಷ ಆಯಿತು.

"ಇನ್ನಾ ಶ್ರುತಿ ಕೂಡವಲ್ದೇನ್ರಿ ಮಾವಾ?" ಎಂದಳು ಸೊಸೆ ಕಸ್ತೂರಿ. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದಳು.

"ಐದು ಮಂದಿ ಅದಾರವಾ. ಹೊತ್ತು ಹಿಡೀತದ."

ಎಂಟನೆಯ ನಿಮಿಷಕ್ಕೆ ಒಬ್ಬರು ಎರಡು ಸಾಲು ಹಾಡಿದರು. ಹಾಡಿ ಸುಮ್ಮನಾದರು. ಮತ್ತೆ ವಾದ್ಯ ಎದ್ದವು.

"ಮುಗೀತೇನಪಾ?" ಎಂದ ಮಲ್ಲು.

"ಈಗ ಪಲ್ಲವಿ ಆತು. ಸುಮ್ಕ ಕೂಡು."

ಹನ್ನೊಂದು ನಿಮಿಷಕ್ಕೆ ಹಾಡು ಮುಗಿಯಿತು. ಅಷ್ಟರಲ್ಲಿ ಬೇಳೆ ಸೀದಿತ್ತು. ಉದ್ದದ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಡೆ ತತ್ವಪದದವರು ಒಂದು ಪದ ಹಿಡಿದರೆ ಮುಗಿಯುವಷ್ಟರಲ್ಲಿ ಚಹಾ ಎರಡು ಸಲ ಬಂದು ಹೋಗುತ್ತದೆ. ಆದರೆ ಅವರು ಹಾಡುತ್ತಾರೆ. ಇವರು ಹಾಡಲು ಬಂದು ಹಾಡುವುದನ್ನು ಮುಂದೂಡುತ್ತಿದ್ದರು.

ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಇತ್ತು. ಅದನ್ನು ರೇಣುಕಾ ಓದಿ ಹೇಳಿದಳು. ಮೊದಲನೆಯ ಸೀಡಿಯಲ್ಲಿ ಐವರೂ ಕೂಡಿ ಬಾರಿಸಿದ್ದು. ಎರಡನೆಯದರಲ್ಲಿ ಒಬ್ಬೊಬ್ಬರೇ ಬೇರೆಯಾಗಿ ಮಾಡಿಕೊಂಡದ್ದು.

"ಪಾಲಾದ್ರೇನು?" ಎಂದರು ಮನೆಯವರು ಗಾಬರಿಯಿಂದ. "ಅಣ್ಣತಮ್ಮರಾ?"

"ಅಲ್ಲ ಮುತ್ಯಾ, ಗೆಳೆಯಾರು. ಜಗಳ ಆಡಿ ಬ್ಯಾರೆ ಆದ್ರಂತ. ಆಮ್ಯಾಲ ಕಂಪನಿಯವ್ರು ಎಲ್ಲಾರ ಹಾಡೂ ಕೂಡ್ಸಿ, ಒಂದೇ ಡಬ್ಬಿನ್ಯಾಗ ಹಾಕಿ, ಸೋವಿಯೊಳಗ ಮಾರ್ಯಾರ."

"ಛಲೋ ಮಾಡ್ಯಾರ," ಎಂದರು ಅವರು. ಆ ಐವರ ಬಗ್ಗೆ ಅವತ್ತಿನಿಂದ ಅವರಿಗೆ ಒಂದು ಕನಿಕರ. ಈಗಲೂ ಆಗಾಗ ಡಬ್ಬಿ ನೋಡಿ, ಮತ್ತೆ ಕೂಡಿದರೋ ಇಲ್ಲವೋ ಎಂದು ಕೇಳುತ್ತಾರೆ. ಇಲ್ಲ ಎಂದರೆ ಊಟ ಸೇರುವುದಿಲ್ಲ ಎಂದು ರೇಣುಕಾ, "ಮಾತಾಡ್ಸಾಕತ್ತಾರ ಮುತ್ಯಾ," ಎನ್ನುತ್ತಾಳೆ.

ಎರಡನೆಯ ಸೀಡಿಯ ಕತೆ ಬೇರೆ. ಮೊದಲನೆಯದನ್ನೇ ಕೇಳಿ ಮುಗಿಸಲು ಆಗದಿದ್ದಾಗ ಇದು ಯಾತಕ್ಕೆ ಎಂದು ನಾನು ದಾರ ಕಟ್ಟಿ ಕಿಟಕಿಗೆ ತೂಗುಬಿಟ್ಟೆ. ಅದರ ಹೊಳಪಿಗೆ ಪಾರಿವಾಳ ಬರುವುದಿಲ್ಲ ಎಂದು ಚಾಳಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಮ್ಮ ಕಿಟಕಿಗೆ ಅಲ್ಲಿಯತನಕ ಎರಡು ಬರುತ್ತಿದ್ದವು, ಆಮೇಲೆ ಆರು. ಸೀಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಕೂರುತ್ತಿದ್ದವು. ರೇಣುಕಾ ಒಂದು ದಿನ ಅದನ್ನು ಬಿಚ್ಚಿ, ತೊಳೆದು, ಒರೆಸಿ ವ್ಯಾನಿನಲ್ಲಿ ಹಾಕಿದಳು. ಹಾಡುವವರು ತಮ್ಮ ಪಾಲಿಗೆ ಬಂದದ್ದರಲ್ಲಿ ಅಳುತ್ತಿದ್ದರು. ಕೊಳಲಿನವರು ಹಕ್ಕಿಗಳ ಜೊತೆ ಇದ್ದರು. ಕಡೆಗೆ ಡ್ರಮ್ಮಿನವರು. ಒಬ್ಬರೇ, ಒಂಬತ್ತು ನಿಮಿಷ. ಬರೀ ಬಡಿಯುವುದು. ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದನ್ನೂ ಹಾಕಿದ್ದಾರಲ್ಲ, ಅಗ್ಗದ್ದಾದರೂ ಏನೂ ಬಿಟ್ಟಿಲ್ಲ ಎಂದುಕೊಂಡೆ.

ರೇಣುಕಾ ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದಳು. ಮರುದಿನದಿಂದ ನಮ್ಮ ಮನೆಯಲ್ಲಿ ಡಬ್ಬಿಗಳಿಗೆ ವಿಶ್ರಾಂತಿ ಇಲ್ಲ.

ವ್ಯಾನಿನಲ್ಲಿ ಬೇರೆ ಸೀಡಿ ಇರಲಿಲ್ಲವಾದ್ದರಿಂದ ಶಾಲೆಯ ಮಕ್ಕಳೂ ವರ್ಷಗಟ್ಟಲೆ ಇದನ್ನೇ ಕೇಳಿದವು. ಒಬ್ಬ ತಾಯಿ ಮಲ್ಲುವಿನ ಹತ್ತಿರ ದೂರು ಹೇಳಿದಳಂತೆ. ಹಾಡು ಹೇಳು ಎಂದರೆ ಅವಳ ಮಗಳು ಬಂದ ನೆಂಟರ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತು, ಆಮೇಲೆ ಎರಡೇ ಸಾಲು ಹಾಡಿ, ಮತ್ತೆ ಸುಮ್ಮನೆ ನಿಲ್ಲುತ್ತಾಳಂತೆ.

ಈಗ ಬ್ಯಾಂಡಿನ ವಿಷಯ. ರೇಣುಕಾಳ ಕಾಲೇಜಿನ ನಾಲ್ವರು ಹುಡುಗರು ಇಂಥದೇ ಹಳೇ ಹಾಡುಗಳನ್ನು ಬಾರಿಸುತ್ತಾರೆ. ಅವರ ಡ್ರಮ್ಮಿನ ಹುಡುಗ ಬೇರೆ ಊರಿಗೆ ಹೋದ. ಅವರು ಬಾರಿಸಬೇಕೆಂದಿದ್ದುದು ನಮ್ಮ ಸೀಡಿಯ ಆ ಹನ್ನೊಂದು ನಿಮಿಷದ ಹಾಡನ್ನೇ. ಇಡೀ ಕಾಲೇಜಿನಲ್ಲಿ ಅದು ಬಾಯಿಪಾಠ ಇದ್ದವಳು ಇವಳೊಬ್ಬಳೇ. ಎಲ್ಲಿ ಕಲಿತೆ ಎಂದರೆ ಶಾಲೆಯ ವ್ಯಾನಿನಲ್ಲಿ ಎಂದಳಂತೆ. ಅವರು ನಂಬಲಿಲ್ಲ, ಆದರೂ ಬಾರಿಸಿ ತೋರಿಸು ಎಂದರು. ಹೋದ ತಿಂಗಳು ಹೋಗಿ ಬಾರಿಸಿದಳು. ಹಾಡಿನ ನಡುವೆ ತಾಳ ನಾಲ್ಕರಿಂದ ಏಳಕ್ಕೆ ಹೊರಳುತ್ತದೆ. ಅಲ್ಲಿ ತಪ್ಪಿದಳು. ಮೂರು ಸಲ ತಪ್ಪಿದಳು. ಇನ್ನೊಂದು ಸಲ ಬಾ, ಅದೇ ಕಡೆಯದು, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದರು.

ಅವತ್ತು ಊಟಕ್ಕೆ ಕೂತಾಗ ಮಲ್ಲು ಹೇಳಿದ: "ಈ ಸಲ ಆಗಲಿಲ್ಲಂದ್ರ ಆ ಡ್ರಮ್ಮಿನ ಕೋಲು ನನ್ನ ಕೈಯಾಗ ಕೊಟ್ಟುಬಿಡು. ಮತ್ತ ಈ ಬಡಿಯೂ ಸಪ್ಪಳ ಈ ಮನ್ಯಾಗ ಬ್ಯಾಡ."

"ಯಾಕಪಾ?"

"ನಮ್ಮವ್ವ ಬಡದದ್ದು ಸಾಲಲಿಲ್ಲೇನು?"

ರೇಣುಕಾಳಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ಅವಳು ಆಗಲಿ ಎಂದಳು. ಒಮ್ಮೆ ಆಗಲಿ ಎಂದರೆ ನಮ್ಮ ಹುಡುಗಿ ಮಾತು ತಪ್ಪುವವಳಲ್ಲ. ಅದೇ ನನಗೆ ಹೆದರಿಕೆ.

ಒಂದು ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ. ಅವಳು ಬುಟ್ಟಿ ಬೋರಲು ಹಾಕಿಕೊಂಡು ಇಂಗ್ಲಿಷಿನಲ್ಲಿ ಒಂದು ಎರಡು ಎಣಿಸುತ್ತ ಬಡಿಯುತ್ತಿದ್ದಳು, ತಪ್ಪುತ್ತಿದ್ದಳು. ಕಡೆಗೆ ಕೋಲು ಎಸೆದು ಗೋಡೆಗೆ ತಲೆ ಆನಿಸಿದಳು.

"ಏಳು ಬರವಲ್ದು ಆಯಿ. ಎಲ್ಲಿ ನಿಂದರಬೇಕು ಅಂತನ ತಿಳಿವಲ್ದು."

ಅಜ್ಜಿಗೆ ನಮ್ಮಲ್ಲಿ ಆಯಿ ಎನ್ನುತ್ತಾರೆ. ಮರಾಠಿಯಲ್ಲಿ ಅದು ತಾಯಿ. ಅವಳ ಜೊತೆ ಬಾಜಾರಿಗೆ ಹೋದರೆ ಜನ ನನ್ನನ್ನು ಅವಳ ತಾಯಿ ಎಂದುಕೊಳ್ಳುತ್ತಾರೆ. ನಾನು ಯಾರನ್ನೂ ತಿದ್ದಲು ಹೋಗುವುದಿಲ್ಲ.

"ನಿಂದರೂದ್ಯಾಕ?" ಎಂದೆ. "ಏಳು ಅಂದ್ರ ನಾವಲ್ಲೇನು."

ಇದನ್ನು ನಿಮಗೂ ಬಿಡಿಸಿ ಹೇಳಬೇಕು. ನಾನು ಮದುವೆಯಾಗಿ ಪುಣೆಗೆ ಬಂದಾಗ ದೊಡ್ಡ ಕಟ್ಟಡಗಳ ಮಾಳಿಗೆಗೆ ಸುಣ್ಣ, ಇಟ್ಟಿಗೆ ಚೂರು, ಬೆಲ್ಲದ ನೀರು ಕಲಸಿ ಹಾಕಿ ಬಡಿಯುತ್ತಿದ್ದರು. ದಿನಗಟ್ಟಲೆ ಬಡಿದರೇನೇ ನೀರು ಸೋರದ ಹಾಗೆ ಗಟ್ಟಿಯಾಗುವುದು. ಬಡಿಯುವವರು ಹೆಂಗಸರು. ಕೈಯಲ್ಲಿ ಕಟ್ಟಿಗೆಯ ಚಪ್ಪಟೆ ಕೊಡತಿ, ಸಾಲಾಗಿ ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತ ಬಡಿಯಬೇಕು. ನಮ್ಮ ಗುಂಪಿನಲ್ಲಿ ಏಳು ಜನ. ಮೇಲ್ವಿಚಾರಣೆಯ ಮುಕಾದಮನಿಗೆ ಬಿಸಿಲು ಆಗುತ್ತಿರಲಿಲ್ಲ. ಅವನು ಕೆಳಗೆ ನೆರಳಲ್ಲಿ ಮಲಗಿಕೊಂಡೇ ನಮ್ಮನ್ನು ಕಾಯುವ ಉಪಾಯ ಮಾಡಿದ್ದ. ಎಲ್ಲರೂ ಒಟ್ಟಿಗೆ ಬಡಿಯಬಾರದು. ಒಬ್ಬರಾದ ಮೇಲೆ ಒಬ್ಬರು, ಸಾಲಿನಂತೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಏಳು ಪೆಟ್ಟು ಕೇಳಿದರೆ ಏಳು ಜನ ಕೆಲಸ ಮಾಡುತ್ತಿದ್ದಾರೆ. ಒಂದು ತಪ್ಪಿದರೆ ಕೆಳಗಿನಿಂದ ಬೈಗಳು.

ಬೈಗಳು ಬರದ ಹಾಗೆ ನಾವೂ ಉಪಾಯ ಮಾಡಿಕೊಂಡಿದ್ದೆವು. ಮಲ್ಲು ಆಗ ಮೊಲೆಗೂಸು. ಮಾಳಿಗೆಯ ಮೂಲೆಯಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿದ್ದ. ನಾನು ಹಾಲು ಕುಡಿಸಲು ಎದ್ದರೆ, ನನ್ನ ಪಕ್ಕದ ಸಾಬವ್ವ ಎಡಗೈಯಲ್ಲಿ ನನ್ನ ಪೆಟ್ಟು, ಬಲಗೈಯಲ್ಲಿ ತನ್ನ ಪೆಟ್ಟು ಹಾಕುತ್ತಿದ್ದಳು. ಕೆಳಗೆ ಏಳೇ ಕೇಳುತ್ತಿತ್ತು. ಹೀಗೆ ಒಬ್ಬರಿಗೊಬ್ಬರು ಕೊಟ್ಟೂ ಕೊಂಡೂ ನಾವು ಎಷ್ಟು ಮಾಳಿಗೆ ಮುಗಿಸಿದೆವೋ ನನಗೆ ಲೆಕ್ಕ ಸಿಗದು. ಲೆಕ್ಕದಲ್ಲಿ ನಾನು ಮೊದಲೇ ಹಿಂದೆ.

ಬುಟ್ಟಿ ಎಳೆದುಕೊಂಡು ಅವಳಿಗೆ ಹೇಳಿದೆ: "ಅಂಕಿ ಬ್ಯಾಡ. ಹೆಸರು ಹಿಡಿ. ಈರಿ, ಭೀಮಿ, ತಿಪ್ಪಿ, ಲಕ್ಕಿ, ನಾಗಿ, ಸಾಬಿ, ಶರಣಿ. ನಾಗಿ ಅಂದ್ರ ನಾನು."

"ಮತ್ತ ಶರಣಿ ಆದ ಮ್ಯಾಲ?"

"ಮತ್ತ ಈರಿ. ಈರಿ ಎಲ್ಲಿ ಹೋಗ್ತಾಳ? ಅಲ್ಲೇ ಕೂತಾಳ."

ಅವಳು ನಕ್ಕಳು. ಬಡಿದಳು. ಎರಡನೆಯ ಸುತ್ತಿಗೇ ಬಂತು. ಒಂದು ತಾಸು ಏಳೂ ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಹಿಂದೆ ಹಿಂದೆ ಸರಿದರು. ಅಡುಗೆ ಮನೆಯಿಂದ ಕಸ್ತೂರಿ ಕೂಗಿದಳು, "ಅತ್ತಿ, ಎಲ್ಲಾರಿಗೂ ಚಾ ಇಡ್ಲೇನ್ರಿ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ತಪ್ಪು ಎಂದು ಆಗ ಗೊತ್ತಿರಲಿಲ್ಲ. ಏಳನೆಯವಳಾದ ಶರಣವ್ವನ ಮೊಳಕೈ ಒಮ್ಮೆ ಮುರಿದು, ವಕ್ರವಾಗಿ ಕೂಡಿಕೊಂಡಿತ್ತು. ಅವಳ ಪೆಟ್ಟು ಯಾವಾಗಲೂ ಒಂದು ಎಳೆ ತಡವಾಗಿ ಬೀಳುತ್ತಿತ್ತು. ನನ್ನ ಕೈಗೆ ಏಳು ಎಂದರೆ ಹಾಗೆಯೇ ರೂಢಿ. ಏಳನೆಯದು ತುಸು ಕಾಯಿಸಿ ಬರಬೇಕು. ಅದನ್ನೂ ಸೇರಿಸಿ ಕಲಿಸಿಬಿಟ್ಟೆ. ಅಂದರೆ ನಮ್ಮ ಹುಡುಗಿ ತಾಳದ ಜೊತೆಗೆ ಒಬ್ಬ ಹೆಂಗಸಿನ ಮುರಿದ ಮೊಳಕೈಯನ್ನೂ ಕಲಿತಳು.

ಭಾನುವಾರ ಚಿಂಚವಾಡಕ್ಕೆ ನಾನೇ ಅವಳ ಜೊತೆ ಬಸ್ಸಿನಲ್ಲಿ ಹೋದೆ. ಮಲ್ಲು ಬರುವುದಿಲ್ಲ ಎಂದ. ಆಕುರ್ಡಿ ದಾಟುವಾಗ ಕಿಟಕಿಯಿಂದ ತೋರಿಸಿದೆ, ಆ ಮಾಳಿಗಿ ನಂದು, ಆ ಹಳದಿ ಕಟ್ಟಡದ ಮಾಳಿಗಿ ನಂದು. ಬೇರೆ ದಿನ ಅವಳು "ಆಯಿ, ಮೆಲ್ಲಕ," ಎನ್ನುತ್ತಿದ್ದಳು. ಅವತ್ತು ಕೇಳಿಸಿಕೊಳ್ಳಲೇ ಇಲ್ಲ. ತುಟಿ ಅಲುಗುತ್ತಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಅವರು ಬಾರಿಸುವುದು ಒಬ್ಬ ಹುಡುಗನ ಮನೆಯ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ. ಸದ್ದು ಹೊರಗೆ ಹೋಗದಿರಲೆಂದು ಗೋಡೆ ತುಂಬ ತತ್ತಿ ಇಡುವ ರಟ್ಟು ಅಂಟಿಸಿದ್ದರು. ತತ್ತಿ ಇರಲಿಲ್ಲ. ಹುಡುಗರು ಒಳ್ಳೆಯವರು. "ಆಜೀ, ಬಸಾ," ಎಂದು ಕುರ್ಚಿ ಕೊಟ್ಟರು, ಕಿವಿಗೆ ಹತ್ತಿ ಕೊಟ್ಟರು, ನೀರಿನ ಬಾಟಲಿ ಇಟ್ಟುಕೊಳ್ಳಲು ಪಕ್ಕಕ್ಕೆ ಬಣ್ಣದ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿದರು. ನಾಲ್ವರಲ್ಲಿ ಮುಖ್ಯಸ್ಥನಂತಿದ್ದವನು ಗಿಟಾರಿನ ಕನ್ನಡಕದ ಹುಡುಗ. ಅವನು ಕಣ್ಣು ಮುಚ್ಚಿಕೊಂಡು ಕೇಳುವವನು. ಅದನ್ನು ನೋಡಿ ನಾನು ಮುಕಾದಮನನ್ನು ಕಂಡ ಹಾಗೆ ನೆಟ್ಟಗೆ ಕೂತೆ.

ಗಾಳಿಯ ಸದ್ದು ಬಂತು, ಗುಡುಗು ಬಂತು. ಇದು ಶ್ರುತಿಯಲ್ಲ ಎಂದು ಈಗ ನನಗೆ ಗೊತ್ತು. ನಾಲ್ಕರ ತಾಳ ಸರಿಯಾಗಿ ಹೋಯಿತು. ಆಮೇಲೆ ಏಳಕ್ಕೆ ಹೊರಳಿತು. ಈರಿ, ಭೀಮಿ, ತಿಪ್ಪಿ. ಒಬ್ಬರೂ ತಪ್ಪಲಿಲ್ಲ. ಶರಣಿಯ ಪೆಟ್ಟು ಬಿದ್ದಾಗ ಕನ್ನಡಕದ ಹುಡುಗ ಕಣ್ಣು ತೆರೆದು ಪಕ್ಕದವನ ಮುಖ ನೋಡಿದ. ಕೆಟ್ಟಿತು ಎಂದುಕೊಂಡೆ. ಮತ್ತೆ ಕಣ್ಣು ಮುಚ್ಚಿದ.

ಹತ್ತು ಹನ್ನೆರಡು ಸುತ್ತು ಆಗಿರಬೇಕು. ಲಕ್ಕಿ ಆಯಿತು, ನಾಗಿ ಬರಬೇಕು, ರೇಣುಕಾಳ ಕೈಯಿಂದ ಕೋಲು ಜಾರಿ ಹಾರಿತು.

ಯೋಚನೆ ಮಾಡಿ ಮಾಡಿದ್ದಲ್ಲ. ಕೈ ತಾನೇ ಹೋಯಿತು. ನೀರಿನ ಬಾಟಲಿ ಎಲ್ಲಿ ಬಿತ್ತೋ ನೋಡಲಿಲ್ಲ. ಬಣ್ಣದ ಡಬ್ಬಿಯ ಮೇಲೆ ಅಂಗೈಯಿಂದ ನಾಗಿ, ಸಾಬಿ, ತುಸು ಕಾಯಿಸಿ ಶರಣಿ. ಅಷ್ಟರಲ್ಲಿ ಅವಳು ಇನ್ನೊಂದು ಕೋಲು ತೆಗೆದುಕೊಂಡಿದ್ದಳು. ಈರಿ ಅವಳ ಕೈಯಿಂದ ಬಿತ್ತು, ಸರಿಯಾದ ಜಾಗಕ್ಕೆ. ಮುಂದೆ ಹಾಡು ಮುಗಿಯುವತನಕ ಆ ಏಳು ಹೆಂಗಸರಲ್ಲಿ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ.

ನಾಲ್ವರೂ ಮೂಲೆಗೆ ಹೋಗಿ ಮಾತಾಡಿಕೊಂಡರು. ಒಬ್ಬ, ಕೋಲು ಬಿತ್ತಲ್ಲ ಎಂದ. ಹಾರ್ಮೋನಿಯಂ ಥರದ ಪೆಟ್ಟಿಗೆಯ ಹುಡುಗ ಹೇಳಿದ, "ಹಾತಾತೂನ್ ಪಡ್ಲೀ, ತಾಲಾತೂನ್ ನಾಹೀ." ಕೈಯಿಂದ ಬಿತ್ತು, ತಾಳದಿಂದ ಬೀಳಲಿಲ್ಲ. ಆ ಹುಡುಗನಿಗೆ ದೇವರು ಒಳ್ಳೆಯದು ಮಾಡಲಿ.

ಕನ್ನಡಕದ ಹುಡುಗ ರೇಣುಕಾಳ ಹತ್ತಿರ ಬಂದ. ಆ ಏಳನೆಯ ಪೆಟ್ಟನ್ನು ಹಾಗೆ ತಡೆದು ಹಾಕುವುದು ಬಹಳ ಚೆನ್ನಾಗಿದೆ, ನಮ್ಮ ಸೀಡಿಯವರಿಗೂ ಅದು ಹೊಳೆದಿಲ್ಲ, ಯಾರು ಕಲಿಸಿದರು ಎಂದು ಕೇಳಿದ.

"ಶರಣವ್ವ," ಎಂದಳು ರೇಣುಕಾ.

ಯಾವ ಕ್ಲಾಸು ಎಂದ. ಅವಳು ನನ್ನ ಕಡೆ ನೋಡಿದಳು. ಕ್ಲಾಸು ಈಗ ಇಲ್ಲ ಎಂದೆ. ಅವನು ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡ. ಶರಣವ್ವ ತೀರಿಕೊಂಡು ಬಹಳ ವರ್ಷವಾಯಿತು. ಇದ್ದಿದ್ದರೆ ನಾಚಿ ಮುಖಕ್ಕೆ ಸೆರಗು ಹಾಕಿಕೊಳ್ಳುತ್ತಿದ್ದಳು.

ನಾನೂ ಸುಳ್ಳು ಇಟ್ಟುಕೊಳ್ಳಬಾರದೆಂದು ಡಬ್ಬಿಯ ವಿಷಯ ಹೇಳಿದೆ. ನಡುವೆ ಮೂರು ಪೆಟ್ಟು ನನ್ನವು ಎಂದೆ.

"ಐಕ್ಲಂ, ಆಜೀ," ಎಂದ. ಕೇಳಿಸಿತ್ತಂತೆ. "ಡಬ್ಬಾಪಣ ಚಾಂಗ್ಲಾ ವಾಜ್ಲಾ." ಡಬ್ಬಿಯೂ ಚೆನ್ನಾಗಿ ನುಡಿಯಿತಂತೆ. ಆಮೇಲೆ ರೇಣುಕಾಳ ಕಡೆ ತಿರುಗಿ ಮಂಗಳವಾರ ಐದಕ್ಕೆ ಬಾ ಎಂದ. ಇಷ್ಟೇ. ಸೇರಿಸಿಕೊಳ್ಳುವುದೆಂದರೆ ಇಷ್ಟೇ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತ ಇಬ್ಬರು ಅಪರಿಚಿತರಿಗೆ ಹೇಳಿದೆ. ಅವರು ಒಳ್ಳೆಯದಾಯಿತು ಎಂದರು.

ನಾವು ಬಂದಾಗ ಮಲ್ಲು ವ್ಯಾನ್ ತೊಳೆಯುತ್ತಿದ್ದ.

"ಏಳು ಬಂತಾ?" ಎಂದ, ತಲೆ ಎತ್ತದೆ.

"ಬಂತು ಅಪ್ಪಾ. ತಗೊಂಡ್ರು."

ಅವನು ತೊಳೆದ ಗಾಲಿಯನ್ನೇ ಮತ್ತೊಮ್ಮೆ ತೊಳೆದ.

ಸಂಜೆ ಕಸ್ತೂರಿ ಗೋಧಿ ಹುಗ್ಗಿ ಮಾಡಿದಳು. ನಾನು ಒಣಗಿ ಗಟ್ಟಿಯಾದ ಕಟಕು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತೆಗೆದಿಟ್ಟೆ. ಐದೂ ಜನ ನೆಲದ ಮೇಲೆ ಸುತ್ತಲೂ ಕೂತೆವು. ಎಲ್ಲರೂ ಉಣ್ಣಲು ಶುರು ಮಾಡಿದರೂ ರೇಣುಕಾ ರೊಟ್ಟಿಯನ್ನು ಮುಟ್ಟಿ ಮುಟ್ಟಿ ಬಿಡುತ್ತಿದ್ದಳು.

"ಉಣ್ಣವಾ," ಎಂದರು ಮನೆಯವರು. "ಇವತ್ತರ ಉಣ್ಣು."

"ಉಣ್ತೀನಿ ಮುತ್ಯಾ."

ಮಲ್ಲು ನೋಡಿದ. "ಅಂಗೈ ತೋರ್ಸು," ಎಂದ.

ತೋರಿಸಿದಳು. ಎರಡೂ ಅಂಗೈ ಗುಳ್ಳೆ ಎದ್ದು ಒಡೆದಿದ್ದವು. ಕಸ್ತೂರಿ "ಅಯ್ಯ!" ಎಂದಳು. ಮಲ್ಲು ಕೈ ಮುಂದೆ ಚಾಚಿದ. ಆ ಕೋಲು ಕೊಡು ಎನ್ನುತ್ತಾನೆಂದು ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ.

ಅವನು ಅವಳ ತಾಟಿನಿಂದ ರೊಟ್ಟಿ ಎತ್ತಿಕೊಂಡ. ಮುರಿದ. ಸಣ್ಣ ಸಣ್ಣದಾಗಿ, ಕೂಸಿಗೆ ಮುರಿದ ಹಾಗೆ ಮುರಿದು, ಎಣ್ಣೆಗಾಯಿಯ ರಸ ಹಾಕಿ, ಮೆತ್ತಗೆ ಕಲಸಿ, ತಾಟು ಅವಳ ಮುಂದೆ ಸರಿಸಿದ.

"ಮಂಗಳವಾರ ಎಷ್ಟಕ್ಕ?"

"ಐದಕ್ಕ."

"ಸಾಲಿ ಹುಡುಗರನ್ನ ಬಿಟ್ಟು ಬರೂದ್ರಾಗ ಐದೂ ಕಾಲು ಆಗ್ತದ."

"ನಾ ಬಸ್ಸಿಗಿ ಹೋಗ್ತೀನಿ ಅಪ್ಪಾ."

"ಬಸ್ ಬ್ಯಾಡ," ಎಂದ. "ಹುಡುಗರಿಗಿ ಜಲ್ದಿ ಹತ್ರಿ ಅಂತೀನಿ."

ರೇಣುಕಾ ಬೆರಳ ತುದಿಯಲ್ಲಿ ತುತ್ತು ಎತ್ತಿದಳು. ಕಸ್ತೂರಿ ಎಲ್ಲರ ತಾಟಿಗೂ ಹುಗ್ಗಿ ಹಾಕಿದಳು. ಮನೆಯವರು ತುಪ್ಪ ಕೇಳಿದರು. ಮಲ್ಲು ತನ್ನ ಊಟ ಹಾಗೆಯೇ ಬಿಟ್ಟು, ಮಗಳ ಎರಡನೆಯ ರೊಟ್ಟಿ ಮುರಿಯತೊಡಗಿದ.